ಮುಖಕ್ಕೆ ತಂಪು ಕೊಟ್ಟರೆ ನಾಡಿ, ಬಿಪಿ ಏನಾಗುತ್ತವೆ? ಮನೆಯಲ್ಲೇ ಸರಿಯಾಗಿ ಅಳೆಯುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಕಾಲಿಟ್ಟಿತೆಂದರೆ ರಾಯಚೂರು, ಬಳ್ಳಾರಿ ಕಡೆಯ ಓದುಗರಿಂದ ಎರಡು ದೂರು ತಪ್ಪದೆ ಬರುತ್ತವೆ. ಒಂದು: "ಮುಖಕ್ಕೆ ಐಸ್ ನೀರು ಹಾಕಿದರೆ ನಾಡಿ ಇಳಿಯುತ್ತದೆ ಅಂದಿದ್ದರು, ನನಗೆ ಏರಿತು." ಇನ್ನೊಂದು: "ಬಿಪಿ ಇಳಿಸೋಣ ಅಂತ ಮುಖ ತಣ್ಣಗೆ ಮಾಡಿಕೊಂಡೆ, ಮಷಿನ್ನು ಮೊದಲಿಗಿಂತ ಹೆಚ್ಚೇ ತೋರಿಸಿತು."

ಮೊದಲನೆಯದು ಅಳೆಯುವಾಗ ಆದ ತಪ್ಪು. ಹಂತಗಳು ಹಿಂದುಮುಂದಾದಾಗ ಹೀಗಾಗುತ್ತದೆ. ಎರಡನೆಯದು ತಪ್ಪೇ ಅಲ್ಲ, ಮಷಿನ್ನು ನಿಜವನ್ನೇ ಹೇಳಿದೆ. ಮುಖಕ್ಕೆ ತಂಪು ತಾಗಿದಾಗ ಹೃದಯ ಬಡಿತ ನಿಧಾನವಾಗುತ್ತದೆ, ಬಿಪಿ ಏರುತ್ತದೆ. ಎರಡೂ ಒಟ್ಟಿಗೇ ನಡೆಯುತ್ತವೆ. ಇದು ತಲೆಗೆ ಹತ್ತದಿದ್ದರೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಕಾರಣವನ್ನು ಚುಟುಕಾಗಿ ಹೇಳಿ ಕೆಲಸಕ್ಕೆ ಇಳಿಯುತ್ತೇನೆ.

## ಒಳಗೆ ನಡೆಯುವುದೇನು

ಹಣೆ, ಕಣ್ಣಿನ ಸುತ್ತ, ಮೂಗಿನ ಮೇಲ್ಭಾಗ ಇವುಗಳ ಸ್ಪರ್ಶವನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ನರ. ಅಲ್ಲಿ ತಣ್ಣಗಾದ ಸುದ್ದಿ ಮಿದುಳಿನ ಬುಡಕ್ಕೆ ಮುಟ್ಟಿದ ಕೂಡಲೇ ಅಲ್ಲಿಂದ ಎರಡು ಆಜ್ಞೆ ಹೊರಡುತ್ತವೆ. ಒಂದು ವೇಗಸ್ ನರದ ಮೂಲಕ ಹೃದಯಕ್ಕೆ ಹೋಗಿ ಬಡಿತವನ್ನು ನಿಧಾನ ಮಾಡುತ್ತದೆ. ಇನ್ನೊಂದು ಕೈಕಾಲು ಮತ್ತು ಚರ್ಮದ ಸಣ್ಣ ರಕ್ತನಾಳಗಳಿಗೆ ಹೋಗಿ ಅವನ್ನು ಬಿಗಿ ಮಾಡುತ್ತದೆ. ನಾಳ ಬಿಗಿಯಾದರೆ ಒಳಗಿನ ಒತ್ತಡ ಏರಲೇಬೇಕು. ಇದರ ಜೊತೆಗೆ ಉಸಿರನ್ನೂ ಹಿಡಿದರೆ ಪರಿಣಾಮ ಇನ್ನೂ ಜೋರು. ನೀರಿನಲ್ಲಿ ಮುಳುಗಿದಾಗ ಇದ್ದಷ್ಟು ಆಮ್ಲಜನಕವನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಡುವ ವ್ಯವಸ್ಥೆ ಇದು. ಸೀಲ್‌ನಂಥ ಪ್ರಾಣಿಗಳಲ್ಲಿ ಬಲವಾಗಿದೆ, ನಮ್ಮಲ್ಲಿ ಸೌಮ್ಯವಾಗಿದೆ.

ಅಂಗೈಗೆ ತಂಪು ತಾಗಿದರೆ ನಡೆಯುವುದೇ ಬೇರೆ. ಐಸ್ ನೀರಿನಲ್ಲಿ ಕೈ ಇಟ್ಟರೆ ಬಿಪಿ ಏರುತ್ತದೆ, ಜೊತೆಗೆ ನಾಡಿಯೂ ಏರುತ್ತದೆ. ಐಸ್ ಪೊಟ್ಟಣವನ್ನು ತನ್ನ ಕೈಯಲ್ಲೇ ಹಿಡಿದು ಮುಖಕ್ಕೆ ಒತ್ತಿಕೊಳ್ಳುವವನು ಎರಡು ವಿರುದ್ಧ ಪ್ರಯೋಗಗಳನ್ನು ಒಮ್ಮೆಗೇ ಮಾಡುತ್ತಿರುತ್ತಾನೆ. ಮೇಲಿನ ಮೊದಲ ದೂರಿಗೆ ಅರ್ಧ ಕಾರಣ ಇದೇ.

## ಹಂತ 1: ಇದಕ್ಕೆ ಕೈ ಹಾಕಬಾರದವರು

ಈ ಹಂತವನ್ನು ಹಾರಿಸಬೇಡಿ. ಕೆಳಗಿನವರಲ್ಲಿ ನೀವೊಬ್ಬರಾಗಿದ್ದರೆ ಓದಿ ತಿಳಿದುಕೊಳ್ಳಿ, ಮಾಡಲು ಹೋಗಬೇಡಿ.

ಹಿಂದೆ ಹೃದಯಾಘಾತ, ಪಾರ್ಶ್ವವಾಯು ಆದವರು, ನಡೆದರೆ ಎದೆ ಹಿಡಿಯುವವರು, ಪೇಸ್‌ಮೇಕರ್ ಇರುವವರು, ಬಡಿತದ ಲಯ ತಪ್ಪುವ ಕಾಯಿಲೆ ಇರುವವರು. ಕಾರಣವಿಲ್ಲದೆ ತಲೆ ತಿರುಗಿ ಬಿದ್ದವರು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ, ಅದರಲ್ಲೂ ಈಜುವಾಗ, ದಿಢೀರ್ ತೀರಿಕೊಂಡವರಿದ್ದರೆ ಅಂಥವರು. ಸುಮ್ಮನೆ ಕೂತಾಗಲೂ ನಾಡಿ 50ಕ್ಕಿಂತ ಕಡಿಮೆ ಇರುವವರು. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರಾನೊಲಾಲ್, ಡಿಲ್ಟಿಯಾಜೆಮ್, ವೆರಾಪಮಿಲ್, ಡಿಗಾಕ್ಸಿನ್ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರು. ಇವೆಲ್ಲ ಬಡಿತವನ್ನು ಮೊದಲೇ ನಿಧಾನ ಮಾಡಿರುತ್ತವೆ. ನಮ್ಮಲ್ಲಿ ಬಹಳ ಮಂದಿಗೆ ತಾವು ನುಂಗುವ ಬಿಪಿ ಗುಳಿಗೆಯ ಹೆಸರೇ ಗೊತ್ತಿರುವುದಿಲ್ಲ, "ಬಿಳೇ ಗುಳಿಗಿ" ಅನ್ನುತ್ತಾರೆ. ಗುಳಿಗೆಯ ಸ್ಟ್ರಿಪ್ಪನ್ನು ಎದುರಿಗಿಟ್ಟುಕೊಂಡು ಹೆಸರು ಓದಿ.

ಗರ್ಭಿಣಿಯರು, ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಹನಿ ಹಾಕುತ್ತಿರುವವರು, ಗ್ಲಾಕೋಮಾ ಇರುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು, ಚಳಿಗೆ ಉಬ್ಬಸ ಬರುವವರು, ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇರುವವರು ಕೂಡ ಬೇಡ. ಮಕ್ಕಳ ಮೇಲಂತೂ ಬೇಡವೇ ಬೇಡ. ಕೂಸುಗಳಲ್ಲಿ ಈ ಪ್ರತಿಕ್ರಿಯೆ ದೊಡ್ಡವರಿಗಿಂತ ಬಲವಾಗಿರುತ್ತದೆ.

ಇನ್ನು ಆ ದಿನದ ಬಿಪಿ. ವಿಶ್ರಾಂತಿಯ ನಂತರವೂ ಮೇಲಿನ ಸಂಖ್ಯೆ 160 ಅಥವಾ ಕೆಳಗಿನದು 100 ದಾಟಿದ್ದರೆ ಅವತ್ತು ಪ್ರಯೋಗ ಇಲ್ಲ. ಆ ಓದನ್ನು, ಅಂದರೆ ಮಷಿನ್ನು ತೋರಿಸಿದ ಅಂಕಿಯನ್ನು, ಬರೆದುಕೊಂಡು ಡಾಕ್ಟರ ಹತ್ತಿರ ಹೋಗುವುದಷ್ಟೇ ಕೆಲಸ.

## ಹಂತ 2: ಸಾಮಾನು ಮತ್ತು ಜನ

ಬೇಕಾದದ್ದು ಮೂವರು: ಮಲಗುವವರು, ತಂಪು ಹಿಡಿಯುವವರು, ನಾಡಿ ನೋಡುವವರು. ಇಬ್ಬರಲ್ಲೇ ಸುಧಾರಿಸಲು ಹೋದರೆ ಒಂದಲ್ಲ ಒಂದು ಕೆಲಸ ಕೆಡುತ್ತದೆ. ಒಬ್ಬರೇ ಮಾಡುವ ಮಾತೇ ಇಲ್ಲ.

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷಿನ್ ಇರಲಿ, ಮಣಿಕಟ್ಟಿನದು ಬೇಡ. ತೋಳಿನ ಪಟ್ಟಿ ನಿಮ್ಮ ಅಳತೆಯದ್ದಾಗಿರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಓದು ಸುಳ್ಳೇ ಹೆಚ್ಚು ಬರುತ್ತದೆ. ನೀರಿನ ಬಿಸಿ ನೋಡಲು ಅಡುಗೆಮನೆಯ ಥರ್ಮಾಮೀಟರ್ ಅಥವಾ ಶಾಲೆಯ ಪ್ರಯೋಗಾಲಯದಲ್ಲಿರುವಂಥದ್ದು. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅದು ಅಷ್ಟು ಕೆಳಗಿನ ಬಿಸಿಯನ್ನು ತೋರಿಸುವುದೇ ಇಲ್ಲ. ಸೋರದ ಗಟ್ಟಿ ಪಾಲಿಥೀನ್ ಕವರು ಎರಡು, ತೆಳ್ಳನೆಯ ಹಳೇ ಪಂಚೆಯ ತುಂಡು, ಒಣ ಟವೆಲ್, ಧ್ವನಿ ರೆಕಾರ್ಡ್ ಆಗುವ ಫೋನು, ನೋಟ್‌ಬುಕ್ಕು, ಪೆನ್ನು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಕೈಗಡಿಯಾರದ ಬಡಿತದ ಅಂಕಿಯನ್ನೂ ನಾನು ಈ ಕೆಲಸಕ್ಕೆ ನಂಬುವುದಿಲ್ಲ. ಅವು ಹಿಂದಿನ ಕೆಲವು ಸೆಕೆಂಡುಗಳ ಸರಾಸರಿಯನ್ನು ತೋರಿಸುತ್ತವೆ, ಇಲ್ಲಿ ಇಡೀ ಆಟ ನಡೆಯುವುದೇ ಅರ್ಧ ನಿಮಿಷದಲ್ಲಿ. ಮೇಲಾಗಿ ಮುಖ ತಣ್ಣಗಾದಾಗ ಬೆರಳಿನ ನಾಳಗಳೂ ಬಿಗಿಯುತ್ತವೆ, ಸಿಗ್ನಲ್ ಬಡವಾಗುತ್ತದೆ. ಮದುವೆ ಸೀಜನ್ನಿನ ಮೆಹಂದಿ ಬೆರಳಲ್ಲಿದ್ದರೆ ಇನ್ನೂ ಕಷ್ಟ.

## ಹಂತ 3: ನೀರನ್ನು ಹದಕ್ಕೆ ತರುವುದು

ಬಹುತೇಕರು ಸೋಲುವುದು ಇಲ್ಲಿ. ಕೆಲವರು ನಲ್ಲಿ ತಿರುಗಿಸಿ ಬಂದ ನೀರನ್ನೇ ಎರಚಿಕೊಳ್ಳುತ್ತಾರೆ. ಮೇ ತಿಂಗಳ ಮಧ್ಯಾಹ್ನ ಸಿಂಧನೂರಿನಲ್ಲೋ ಸಿರುಗುಪ್ಪದಲ್ಲೋ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ ಇಳಿಯುವ ನೀರು ಮುಖದ ಚರ್ಮಕ್ಕಿಂತ ಬಿಸಿ ಇರುತ್ತದೆ. ಅದರಿಂದ ನಾಡಿ ಇಳಿಯುವ ಪ್ರಶ್ನೆಯೇ ಇಲ್ಲ. ಇನ್ನು ಕೆಲವರು ಫ್ರೀಜರಿನ ಐಸ್ ಗಡ್ಡೆಯನ್ನೇ ಹಣೆಗೆ ಒತ್ತುತ್ತಾರೆ. ಅದು ನೋವು ಕೊಡುತ್ತದೆ, ನೋವಿಗೆ ನಾಡಿ ಏರುತ್ತದೆ. ಚರ್ಮವೂ ಸುಡುತ್ತದೆ.

ಬೇಕಾದದ್ದು 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರು. ಅದಕ್ಕಿಂತ ತಣ್ಣಗೆ ಮಾಡಿದರೆ ಲಾಭ ಹೆಚ್ಚಾಗುವುದಿಲ್ಲ, ನೋವು ಮಾತ್ರ ಹೆಚ್ಚಾಗುತ್ತದೆ.

ಫ್ರಿಜ್ ಇದ್ದರೆ ಸುಲಭ. ಫ್ರಿಜ್ಜಿನ ನೀರು 6 ಡಿಗ್ರಿ, ಗಡಿಗೆಯ ನೀರು 24 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಸಮಸಮ ಬೆರೆಸಿದರೆ 15ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ಥರ್ಮಾಮೀಟರ್ ಅದ್ದಿ ನೋಡಿ ಬೆರೆಸಿ.

ಐಸ್ ತಂದು ಮಾಡುವವರಿಗೆ ಲೆಕ್ಕ ಹೀಗೆ. 35 ಡಿಗ್ರಿಯ 2 ಲೀಟರ್ ನೀರನ್ನು 15ಕ್ಕೆ ಇಳಿಸಲು ಸುಮಾರು 420 ಗ್ರಾಂ ಐಸ್ ಬೇಕು. ಟ್ಯಾಂಕಿನ ನೀರು 40 ಡಿಗ್ರಿ ಇದ್ದರೆ 525 ಗ್ರಾಂ ಹತ್ತಿರ. ಒಂದು ಗ್ರಾಂ ಐಸ್ ಕರಗುವಾಗ 80 ಕ್ಯಾಲರಿ ಶಾಖ ನುಂಗುತ್ತದೆ, ಕರಗಿದ ನೀರು 0ಯಿಂದ 15ಕ್ಕೆ ಏರುವಾಗ ಇನ್ನೂ 15. ಒಟ್ಟು 95. ಈ ಒಂದು ಅಂಕಿ ನೆನಪಿದ್ದರೆ ಯಾವ ಅಳತೆಗಾದರೂ ಲೆಕ್ಕ ಹಾಕಬಹುದು. ಪಾತ್ರೆಯೂ ಹೊರಗಿನ ಗಾಳಿಯೂ ಒಂದಿಷ್ಟು ಶಾಖ ಸೇರಿಸುತ್ತವೆ, ಅದಕ್ಕೊಂದು ಮುಷ್ಟಿ ಹೆಚ್ಚಿಗೆ ಇರಲಿ. ಪೂರ್ತಿ ಕರಗಿದ ಮೇಲೆ ಕಲಕಿ, ಆಮೇಲೆ ಥರ್ಮಾಮೀಟರ್ ಹಾಕಿ. ಕಲಕದೆ ನೋಡಿದರೆ ಮೇಲೊಂದು, ಕೆಳಗೊಂದು ಬಿಸಿ ಇರುತ್ತದೆ. ಜ್ಯೂಸ್ ಅಂಗಡಿಯಿಂದಲೋ ಮೀನಿನ ಅಂಗಡಿಯಿಂದಲೋ ತಂದ ದೊಡ್ಡ ಐಸು ಕುಡಿಯುವ ನೀರಿನದ್ದೇ ಎಂದು ನಂಬಬೇಡಿ. ಆ ನೀರು ಕವರಿನೊಳಗೇ ಇರಲಿ, ಕಣ್ಣಿಗೆ ತಾಗದಿರಲಿ.

ಹದವಾದ ನೀರನ್ನು ಕಾಲು ಲೀಟರಿನಷ್ಟು ಕವರಿಗೆ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿ ಕಟ್ಟಿ. ಕವರು ಗಟ್ಟಿ ಉಬ್ಬಿರಬಾರದು, ಮುಖದ ಏರುತಗ್ಗಿಗೆ ಹೊಂದಿಕೊಳ್ಳುವಷ್ಟು ಸಡಿಲ ಇರಬೇಕು. ಪಂಚೆಯ ತುಂಡನ್ನು ಅದೇ ನೀರಿನಲ್ಲಿ ಅದ್ದಿ ಹಿಂಡಿ ಕವರಿಗೆ ಒಂದೇ ಪದರ ಸುತ್ತಿ. ಬರೀ ಒದ್ದೆ ಬಟ್ಟೆ ಯಾಕೆ ಸಾಲದು ಎಂದು ಕೇಳುವವರಿದ್ದಾರೆ. ಮುಖದ ಬಿಸಿಗೆ ಅದು ಬೇಗನೆ ಬೆಚ್ಚಗಾಗುತ್ತದೆ, ಪ್ರತಿಕ್ರಿಯೆ ತುದಿ ಮುಟ್ಟುವ ಮೊದಲೇ ತಂಪು ಮುಗಿದಿರುತ್ತದೆ.

ಎರಡನೇ ಕವರಿಗೆ 33ರಿಂದ 35 ಡಿಗ್ರಿಯ ನೀರು ತುಂಬಿ. ಅದು ಯಾಕೆಂದು ಮುಂದೆ ಬರುತ್ತದೆ.

ಬೋಗುಣಿಯಲ್ಲಿ ಮುಖ ಮುಳುಗಿಸುವ ಪದ್ಧತಿಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಕಾಲೇಜುಗಳ ಪ್ರಯೋಗಾಲಯದಲ್ಲಿ ಇಸಿಜಿ ಹಚ್ಚಿಕೊಂಡು ಅದನ್ನು ಮಾಡಿಸುತ್ತಾರೆ, ಪರಿಣಾಮವೂ ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ಮುಖ ನೀರೊಳಗಿರುವಾಗ ಪ್ರಜ್ಞೆ ತಪ್ಪಿದರೆ ಅರ್ಧ ಬೋಗುಣಿ ನೀರೇ ಸಾಕು ಅನಾಹುತಕ್ಕೆ.

## ಹಂತ 4: ಮೈಯನ್ನು ಸುಮ್ಮನಾಗಿಸುವುದು

ಬಿಸಿಲಿನಿಂದ ಬಂದ ಕೂಡಲೇ ಶುರು ಮಾಡಬೇಡಿ. ಬಿಸಿಲಲ್ಲಿದ್ದ ಮೈಗೆ ನಾಡಿ ಮೊದಲೇ ಏರಿರುತ್ತದೆ, ನೆರಳಿಗೆ ಬಂದ ಮೇಲೆ ತಾನಾಗಿಯೇ ಇಳಿಯತೊಡಗುತ್ತದೆ. ಆ ಇಳಿತವನ್ನು ತಂಪಿನ ಲೆಕ್ಕಕ್ಕೆ ಬರೆದುಕೊಂಡರೆ ಪ್ರಯೋಗ ಗೆದ್ದಂತೆ ಕಾಣುತ್ತದೆ. ಅದು ಸುಳ್ಳು ಗೆಲುವು. ಒಳಗೆ ಬಂದು ನೀರು ಕುಡಿದು ಕನಿಷ್ಠ ಅರ್ಧ ಗಂಟೆ ಫ್ಯಾನಿನಡಿ ಇರಿ. ಆ ಅರ್ಧ ಗಂಟೆಯಲ್ಲಿ ಚಹಾ, ಕಾಫಿ, ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೂ ಬಿಪಿ ಏರಿಸುತ್ತದೆ.

ಮಂಚದ ಮೇಲೆ ಅಂಗಾತ ಮಲಗಿ. ಕಾಲ ಮೇಲೆ ಕಾಲು ಬೇಡ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ. ಅಂಗಿಯ ತೋಳು ಮಡಚಿ ಬಿಗಿ ಮಾಡಿಕೊಳ್ಳಬೇಡಿ, ಪೂರ್ತಿ ಹೊರಗೆ ತೆಗೆದು ಬರೀ ಚರ್ಮಕ್ಕೆ ಪಟ್ಟಿ ಸುತ್ತಿ. ತೋಳಿನ ಕೆಳಗೊಂದು ಸಣ್ಣ ದಿಂಬಿಟ್ಟು ಹೃದಯದ ಮಟ್ಟಕ್ಕೆ ತನ್ನಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಂತೆ ಮಂಚ ಸರಿಸಿ. ಐದು ನಿಮಿಷ ಮಾತಿಲ್ಲದೆ ಇರಬೇಕು. ಬಾಗಿಲಲ್ಲಿ ನಿಂತವರಿಗೂ ಇದು ಅನ್ವಯಿಸುತ್ತದೆ: "ಏನ್ ಮಾಡಾಕತ್ತೀರಿ?" ಎಂದು ಯಾರಾದರೂ ಕೇಳಿ ಮಲಗಿದವರು ಉತ್ತರ ಕೊಟ್ಟರೆ ಐದು ನಿಮಿಷ ಮತ್ತೆ ಮೊದಲಿನಿಂದ.

ಮಲಗಿ ಬಂದ ಓದನ್ನು ಆಸ್ಪತ್ರೆಯಲ್ಲಿ ಕೂತು ಬಂದ ಓದಿನ ಜೊತೆ ತೂಗಿ ನೋಡಬೇಡಿ. ಇಲ್ಲಿ ನಮಗೆ ಬೇಕಾದದ್ದು ಒಂದೇ ಭಂಗಿಯಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ವ್ಯತ್ಯಾಸ.

## ಹಂತ 5: ಮೊದಲಿನ ನಾಡಿ, ಮೊದಲಿನ ಬಿಪಿ

ನಾಡಿಯನ್ನು ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ, ತೋರುಬೆರಳು ಮತ್ತು ನಡುಬೆರಳಿನಿಂದ ಹಿಡಿಯಿರಿ. ಹೆಬ್ಬೆರಳಿನಿಂದ ಹಿಡಿದರೆ ನಿಮ್ಮದೇ ನಾಡಿ ಎಣಿಸುವ ಸಂಭವ ಇದೆ. ಕುತ್ತಿಗೆಯಲ್ಲಿ ಮಾತ್ರ ಬೇಡ. ಅಲ್ಲಿ ಒತ್ತಿದರೆ ಒತ್ತಿದ್ದಕ್ಕೇ ಬಡಿತ ಇಳಿಯುತ್ತದೆ. ಪಟ್ಟಿ ಸುತ್ತಿದ ಕೈ ಬಿಟ್ಟು ಇನ್ನೊಂದು ಕೈ ಹಿಡಿಯಿರಿ.

ಎಣಿಕೆಗೆ ಒಂದು ಉಪಾಯ. ಫೋನಿನ ರೆಕಾರ್ಡರ್ ಶುರು ಮಾಡಿ ಹಲಗೆಯ ಮೇಲಿಡಿ. ನಾಡಿ ನೋಡುವವರು ಪ್ರತಿ ಬಡಿತಕ್ಕೂ ಪೆನ್ನಿನ ತುದಿಯಿಂದ ಹಲಗೆಗೆ ಒಮ್ಮೆ ಟಕ್ ಎಂದು ತಟ್ಟುತ್ತಾ ಹೋಗಲಿ. ಬಾಯಲ್ಲಿ ಎಣಿಸಬಾರದು. ತಂಪು ಇಟ್ಟ ಕ್ಷಣ ಒಮ್ಮೆ "ಇಟ್ಟೆ", ತೆಗೆದ ಕ್ಷಣ "ತೆಗೆದೆ" ಎಂದರೆ ಸಾಕು. ಆಮೇಲೆ ನಿಧಾನವಾಗಿ ಕೇಳಿ 15 ಸೆಕೆಂಡಿಗೆ ಎಷ್ಟೆಷ್ಟು ಟಕ್ ಎಂದು ಬರೆದುಕೊಳ್ಳಿ. ಗಾಬರಿಯಲ್ಲಿ ಎಣಿಸುವಾಗ ತಪ್ಪುವ ಲೆಕ್ಕ ಇಲ್ಲಿ ತಪ್ಪುವುದಿಲ್ಲ, ಸಂಶಯ ಬಂದರೆ ಮತ್ತೆ ಕೇಳಬಹುದು. ನರ್ಸಿಂಗ್ ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸುವಾಗ ನಾನು ಬಿಡದೆ ಹೇಳಿಕೊಡುವುದು ಇದನ್ನೇ.

15 ಸೆಕೆಂಡಿನ ಎಣಿಕೆಯನ್ನು 4ರಿಂದ ಗುಣಿಸಿದರೆ ನಿಮಿಷದ ನಾಡಿ. ಒಂದು ಟಕ್ ಹೆಚ್ಚುಕಡಿಮೆಯಾದರೆ ನಿಮಿಷಕ್ಕೆ 4 ಬಡಿತದ ವ್ಯತ್ಯಾಸ ಬೀಳುತ್ತದೆ ಎಂಬುದು ನೆನಪಿರಲಿ. ಒಂದರ ಹಿಂದೊಂದು ಮೂರು ಎಣಿಕೆ ಮಾಡಿ, ಮೂರೂ ಹತ್ತಿರಹತ್ತಿರ ಬರುವ ತನಕ ಮುಂದೆ ಹೋಗಬೇಡಿ. ಪ್ರತಿಸಲ ಇಳಿಯುತ್ತಲೇ ಇದ್ದರೆ ಮೈ ಇನ್ನೂ ತಣಿದಿಲ್ಲ ಎಂದರ್ಥ.

ಬಿಪಿಯನ್ನೂ ಮೂರು ಸಲ, ನಡುವೆ ಒಂದೊಂದು ನಿಮಿಷ ಬಿಟ್ಟು ನೋಡಿ. ಮೊದಲನೆಯದು ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಅದನ್ನು ಬಿಟ್ಟು ಉಳಿದೆರಡರ ಸರಾಸರಿ ಇಟ್ಟುಕೊಳ್ಳಿ.

## ಹಂತ 6: ಬೆಚ್ಚಗಿನ ಕವರಿನ ಸುತ್ತು

ಈಗ 33–35 ಡಿಗ್ರಿಯ ಕವರನ್ನು ಹಣೆ, ಕಣ್ಣು, ಮೂಗಿನ ಸೇತುವೆ ಮುಚ್ಚುವಂತೆ 30 ಸೆಕೆಂಡು ಇಡಿ. ನಾಡಿ ತಟ್ಟಿ ರೆಕಾರ್ಡ್ ಮಾಡಿ. ಇದನ್ನು ಬಿಡುವವರೇ ಹೆಚ್ಚು. ಮುಖದ ಮೇಲೆ ಏನೋ ಬಂದು ಕೂತದ್ದಕ್ಕೇ, ಕಣ್ಣು ಮುಚ್ಚಿದ್ದಕ್ಕೇ, ಅಳೆಯುತ್ತಿದ್ದಾರೆ ಎಂಬ ಅಳುಕಿಗೇ ನಾಡಿ ಎಷ್ಟು ಅಲುಗಾಡುತ್ತದೆ ಎಂಬುದನ್ನು ಈ ಸುತ್ತು ತೋರಿಸುತ್ತದೆ. ತಂಪಿನ ಸುತ್ತಿನ ಫಲಿತಾಂಶದಿಂದ ಇದನ್ನು ಕಳೆದ ಮೇಲೆ ಉಳಿಯುವುದು ಮಾತ್ರ ತಂಪಿನ ಕೆಲಸ.

ಬೆಚ್ಚಗಿನದು ಮೊದಲು, ತಂಪು ಆಮೇಲೆ. ತಿರುವುಮುರುವು ಮಾಡಿದರೆ ಮೊದಲ ತಂಪಿನ ನೆನಪು ಚರ್ಮದಲ್ಲಿ ಉಳಿದಿರುತ್ತದೆ.

## ಹಂತ 7: ತಂಪಿನ ಸುತ್ತು, ನಾಡಿಗೆ

ಮೂರು ನಿಮಿಷ ಸುಮ್ಮನಿದ್ದು ಶುರು ಮಾಡಿ.

ಮಲಗಿದವರು ಮಾಮೂಲಿ ಉಸಿರಾಡುತ್ತಿರಲಿ. ತಂಪು ಹಿಡಿಯುವವರು ಕವರನ್ನು ಎರಡೂ ಬದಿಯಿಂದ ಹಿಡಿದು ಮುಖದ ಮೇಲೆ ಇಳಿಸಲಿ. ಭಾರ ಹಣೆ ಮತ್ತು ಕೆನ್ನೆಯ ಮೂಳೆಯ ಮೇಲೆ ಬೀಳಬೇಕು, ಕಣ್ಣುಗುಡ್ಡೆಯ ಮೇಲಲ್ಲ. ಕಣ್ಣುಗುಡ್ಡೆ ಒತ್ತಿದರೂ ನಾಡಿ ಇಳಿಯುತ್ತದೆ. ಅದು ಬೇರೆಯದೇ ದಾರಿ, ಅಪಾಯದ ದಾರಿ, ಕಣ್ಣಿಗೂ ಪೆಟ್ಟು. ಮೂಗಿನ ಹೊಳ್ಳೆ, ಬಾಯಿ ತೆರೆದೇ ಇರಬೇಕು. ಕೆನ್ನೆಗೆ, ಗದ್ದಕ್ಕೆ ಮಾತ್ರ ತಂಪು ಕೊಟ್ಟು "ಏನೂ ಆಗಲಿಲ್ಲ" ಎನ್ನುವವರು ಹಣೆಯನ್ನು ಮರೆತಿರುತ್ತಾರೆ. ಪರಿಣಾಮದ ಹೆಚ್ಚಿನ ಪಾಲು ಇರುವುದು ಹಣೆ ಮತ್ತು ಕಣ್ಣಿನ ಸುತ್ತಲೇ.

ಇಟ್ಟ ಮೊದಲ ನಾಲ್ಕೈದು ಸೆಕೆಂಡು ಬೆಚ್ಚಿದ್ದಕ್ಕೆ ನಾಡಿ ಚೂರು ಏರಬಹುದು. ಆಮೇಲೆ ಇಳಿಯತೊಡಗಿ ಸಾಮಾನ್ಯವಾಗಿ 20ರಿಂದ 40 ಸೆಕೆಂಡಿನೊಳಗೆ ತಳ ಮುಟ್ಟುತ್ತದೆ. 40 ಸೆಕೆಂಡಿಗೆ ಕವರು ತೆಗೆದು ಒಣ ಟವೆಲ್ಲಿನಿಂದ ಮುಖ ಒತ್ತಿ ಒರೆಸಿ. ತೆಗೆದ ಮೇಲೂ ಒಂದು ನಿಮಿಷ ತಟ್ಟುವುದನ್ನು ನಿಲ್ಲಿಸಬೇಡಿ, ನಾಡಿ ಹಿಂದಿನ ಜಾಗಕ್ಕೆ ಮರಳುವುದೂ ಲೆಕ್ಕಕ್ಕೆ ಬೇಕು.

ಇದು ಸಲೀಸಾಗಿ ಆಗಿ, ಮಲಗಿದವರು ಆರಾಮ ಇದ್ದರೆ, ಐದು ನಿಮಿಷ ಬಿಟ್ಟು ಉಸಿರು ಹಿಡಿದು ಇನ್ನೊಂದು ಸುತ್ತು ಮಾಡಬಹುದು. ಮುಕ್ಕಾಲು ಉಸಿರು ಒಳಗೆಳೆದುಕೊಂಡು ಹಿಡಿಯಿರಿ. ಎದೆ ಉಬ್ಬುವಷ್ಟು ಎಳೆದು ಮುಕ್ಕಿದರೆ ಎದೆಯೊಳಗಿನ ಒತ್ತಡವೇ ನಾಡಿ, ಬಿಪಿ ಎರಡನ್ನೂ ಕುಣಿಸಿಬಿಡುತ್ತದೆ. 20 ಸೆಕೆಂಡು ಸಾಕು, ಆಗದಿದ್ದರೆ ಮೊದಲೇ ಬಿಡಿ. ಹಿಡಿಯುವ ಮೊದಲು ಜೋರು ಜೋರಾಗಿ ಉಸಿರಾಡಿ ತಯಾರಾಗುವ ಚಟ ಕೆಲವರಿಗಿದೆ, ಈಜು ಬಲ್ಲ ಹುಡುಗರಿಗಂತೂ ಹೆಚ್ಚು. ಖಂಡಿತ ಬೇಡ. ಹಾಗೆ ಮಾಡಿದಾಗ ಉಸಿರು ಕಟ್ಟುವ ಎಚ್ಚರಿಕೆ ಬರುವ ಮುಂಚೆಯೇ ಕಣ್ಣು ಕತ್ತಲೆ ಬರಬಹುದು.

## ಹಂತ 8: ತಂಪಿನ ಸುತ್ತು, ಬಿಪಿಗೆ

ನಾಡಿ, ಬಿಪಿ ಎರಡನ್ನೂ ಒಂದೇ ಸುತ್ತಿನಲ್ಲಿ ಹಿಡಿಯಲು ಹೋಗಬೇಡಿ. ಮನೆಯ ಮಷಿನ್ನು ಪಟ್ಟಿ ಉಬ್ಬಿಸಿ, ಗಾಳಿ ಬಿಡುತ್ತಾ ಓದು ಮುಗಿಸಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ತಂಪು ತೆಗೆದ ಮೇಲೆ ಗುಂಡಿ ಒತ್ತುವವರಿಗೆ ಸಿಗುವುದು ಎಲ್ಲ ಮುಗಿದ ಮೇಲಿನ ಬಿಪಿ.

ಉಸಿರು ಹಿಡಿಯದೆ, ಮಾಮೂಲಿ ಉಸಿರಾಟದಲ್ಲೇ ತಂಪು ಇಡಿ. 15 ಸೆಕೆಂಡಾದ ಕೂಡಲೇ ಮಷಿನ್ನಿನ ಗುಂಡಿ ಒತ್ತಿ. ಓದು ಬರುವ ತನಕ ತಂಪು ಹಾಗೇ ಇರಲಿ, ಆದರೆ ಒಟ್ಟು 75 ಸೆಕೆಂಡು ಮೀರಬಾರದು. ಮಷಿನ್ನು ಎರರ್ ತೋರಿಸಿದರೆ ಕೂಡಲೇ ಮತ್ತೆ ಒತ್ತಬೇಡಿ. ತಂಪು ತೆಗೆಯಿರಿ, ಐದು ನಿಮಿಷ ಬಿಟ್ಟು ಹೊಸದಾಗಿ ಮಾಡಿ. ಮಷಿನ್ನಿನ ಮೂಲೆಯಲ್ಲಿ ಬರುವ ನಾಡಿಯ ಅಂಕಿ ಆ ಹೊತ್ತಿನ ಸರಾಸರಿ. ಅದನ್ನು ಹಂತ 7ರ ಅಂಕಿಯ ಜಾಗದಲ್ಲಿ ಬರೆಯಬೇಡಿ.

ಮೇಲಿನ ಸಂಖ್ಯೆ ಹತ್ತಿಪ್ಪತ್ತು ಪಾಯಿಂಟ್ ಏರಿದರೆ ಗಾಬರಿಯಾಗುವುದು ಬೇಡ, ನಿರೀಕ್ಷಿಸಿದ್ದೇ ಅದು. ಔಷಧ ಅಂಗಡಿಯ ಮುಂದೆ ಲಾರಿ ಡ್ರೈವರೊಬ್ಬರು ನೀರು ತೊಟ್ಟಿಕ್ಕುವ ಮುಖದಲ್ಲೇ ಪಟ್ಟಿ ಕಟ್ಟಿಸಿಕೊಂಡು, "ಈಗರ ತಂಪ್ ನೀರ್ಲೆ ಮಕಾ ತೊಳ್ಕೊಂಡ್ ಬಂದೀನ್ರಿ, ಆದ್ರೂ ಏರೈತಂದ್ರ ಹ್ಯಾಂಗ್ರಿ?" ಎಂದು ಕೇಳುತ್ತಿದ್ದರು. ತೊಳೆದು ಬಂದದ್ದಕ್ಕೇ ಒಂದು ಪಾಲು ಏರಿತ್ತು. ಬಿಪಿ ಪರೀಕ್ಷೆಗೆ ಹೋಗುವ ಮೊದಲು ತಣ್ಣೀರಿನಲ್ಲಿ ಮುಖ ತೊಳೆಯುವುದು ಬೇಡ, ತೊಳೆದಿದ್ದರೆ ಹತ್ತು ನಿಮಿಷ ಕೂತು ಆಮೇಲೆ ತೋರಿಸಿ.

## ಹಂತ 9: ಅಂಕಿಗಳನ್ನು ಓದುವುದು

ಲೆಕ್ಕಕ್ಕೊಂದು ಉದಾಹರಣೆ. ಮೊದಲಿನ ಎಣಿಕೆ 15 ಸೆಕೆಂಡಿಗೆ 19, ಅಂದರೆ ನಿಮಿಷಕ್ಕೆ 76. ತಂಪಿನಲ್ಲಿ ಅತಿ ಕಡಿಮೆ ಬಂದದ್ದು 16, ಅಂದರೆ 64. ಇಳಿದದ್ದು 12 ಬಡಿತ, ನೂರಕ್ಕೆ ಸುಮಾರು 16. ಉಸಿರು ಹಿಡಿದ ಸುತ್ತಿನಲ್ಲಿ ಆರೋಗ್ಯವಂತ ದೊಡ್ಡವರಿಗೆ ನೂರಕ್ಕೆ 10ರಿಂದ 25ರಷ್ಟು ಇಳಿಯುವುದು ಸಾಮಾನ್ಯ. ಉಸಿರಾಡುತ್ತಲೇ ಮಾಡಿದ ಸುತ್ತಿನಲ್ಲಿ ಅದಕ್ಕಿಂತ ಕಡಿಮೆ. ವಯಸ್ಸಾದಂತೆ ಇಳಿತ ಸಣ್ಣದಾಗುತ್ತದೆ. ನಿಮಿಷಕ್ಕೆ 4 ಬಡಿತದ ವ್ಯತ್ಯಾಸವನ್ನು ವ್ಯತ್ಯಾಸ ಎಂದೇ ಎಣಿಸಬೇಡಿ. 8 ದಾಟಿದರೆ ಮಾತ್ರ ಮಾತು.

ನೋಟ್‌ಬುಕ್ಕಿನಲ್ಲಿ ಕೋಣೆಯ ಬಿಸಿ, ನೀರಿನ ಬಿಸಿ ಎರಡೂ ಇರಲೇಬೇಕು. ನೀರು ಅಷ್ಟೇ ತಣ್ಣಗಿದ್ದರೂ ಸುತ್ತಲ ಗಾಳಿ ಬೆಚ್ಚಗಿದ್ದಷ್ಟೂ ನಾಡಿಯ ಇಳಿತ ಹೆಚ್ಚು, ಯಾಕೆಂದರೆ ಚರ್ಮ ಗುರುತಿಸುವುದು ಅಂತರವನ್ನು. ಮೇ ತಿಂಗಳಲ್ಲಿ 37 ಡಿಗ್ರಿಯ ಕೋಣೆಯಲ್ಲಿ ಮಾಡಿದ್ದನ್ನು ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮಾಡಿದ್ದರೊಂದಿಗೆ ಹೋಲಿಸಿ, "ನನ್ನ ಹೃದಯ ಮೊದಲಿನಂತಿಲ್ಲ" ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ನಾಡಿ ಇಳಿಯಲೇ ಇಲ್ಲವೇ? ಈ ಕ್ರಮದಲ್ಲಿ ತಪಾಸಣೆ ಮಾಡಿ. ಕವರಿನ ನೀರು ಆ ಹೊತ್ತಿಗೆ 15 ಡಿಗ್ರಿಗಿಂತ ಮೇಲೆ ಹೋಗಿತ್ತೇ? ಹಣೆಗೆ ತಾಗಿತ್ತೇ, ಕೂದಲ ಮೇಲೆ ಕೂತಿತ್ತೇ? ಮಲಗಿದವರ ಅಂಗೈ ಒದ್ದೆಯಾಗಿತ್ತೇ? ತಂಪಿಗೆ ನೋವಾಗಿ ಹುಬ್ಬು ಗಂಟಿಕ್ಕಿದ್ದರೇ? ನಗು ಬಂದಿತ್ತೇ? ಮಕ್ಕಳು ಸುತ್ತ ನೆರೆದಿದ್ದರೆ ನಗು ಬಂದೇ ಬರುತ್ತದೆ, ಆ ಸುತ್ತನ್ನು ಹೊಡೆದುಹಾಕಿ. ಇದೆಲ್ಲ ಸರಿಯಿದ್ದೂ ಇಳಿಯದಿದ್ದರೆ ಅದೇ ನಿಮ್ಮ ಉತ್ತರ. ಕೆಲವರಿಗೆ ಈ ಪ್ರತಿಕ್ರಿಯೆ ಮಂದವಾಗಿರುತ್ತದೆ. ನೀರನ್ನು ಇನ್ನೂ ತಣ್ಣಗೆ ಮಾಡಿ ಹಟಕ್ಕೆ ಬೀಳಬೇಡಿ. ಒಂದು ದಿನಕ್ಕೆ ಮೂರು ತಂಪಿನ ಸುತ್ತು ಮೀರಬೇಡಿ.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಎದೆ ನೋವು ಅಥವಾ ಬಿಗಿತ, ಕಣ್ಣು ಮಂಜಾಗುವುದು, ಕಿವಿ ಗುಂಯ್‌ಗುಟ್ಟುವುದು, ತಲೆ ಹಗುರಾಗುವುದು, ವಾಕರಿಕೆ, ಬೆರಳಿಗೆ ನಾಡಿ ಬಿಟ್ಟುಬಿಟ್ಟು ಸಿಗುವುದು, 15 ಸೆಕೆಂಡಿಗೆ 10ಕ್ಕಿಂತ ಕಡಿಮೆ ಟಕ್, ಹಣೆಯ ಚರ್ಮ ಬೆಳ್ಳಗಾಗಿ ಮರಗಟ್ಟುವುದು. ಯಾವುದು ಕಂಡರೂ ಅಳತೆ ಪೂರ್ತಿ ಮಾಡುವ ಆಸೆ ಬಿಟ್ಟು ತಂಪು ತೆಗೆಯಿರಿ. ಮಲಗಿದವರು ಕೈ ಎತ್ತಿದರೆ ತೆಗೆಯಬೇಕು ಎಂದು ಮೊದಲೇ ಮಾತಾಡಿಕೊಂಡಿರಿ.

ಪ್ರಜ್ಞೆ ತಪ್ಪಿದರೆ ಮುಖ ಒರೆಸಿ, ಕಾಲು ಎತ್ತರಕ್ಕೆ ಇಡಿ, ಬಾಯಿಗೆ ನೀರು ಹಾಕಬೇಡಿ. ಒಂದು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಅಥವಾ ಎದೆ ನೋವು ಹೋಗದಿದ್ದರೆ 108ಕ್ಕೆ ಫೋನು. ಉಸಿರಾಟವೇ ಇಲ್ಲವೆಂದರೆ ಕಾಯಬೇಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಬಲವಾಗಿ ಒತ್ತಲು ಶುರು ಮಾಡಿ.

## ಬಿಸಿಲು ಬಡಿದವರಿಗೆ ಇದನ್ನು ಮದ್ದು ಮಾಡಬೇಡಿ

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವವರಿರಲಿ, ಸಂಡೂರಿನ ಗಣಿಯಲ್ಲಿ ಲಾರಿ ತುಂಬಿಸುವವರಿರಲಿ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರಿರಲಿ, ಮುಖಕ್ಕೆ ತಣ್ಣೀರು ಬಿದ್ದರೆ "ಹಾ, ಜೀವ ಬಂತು" ಅನಿಸುತ್ತದೆ. ಅನಿಸುವುದು ನಿಜ, ಆದರೆ ಮೈಯೊಳಗಿನ ಬಿಸಿ ಅಷ್ಟಕ್ಕೆ ಇಳಿದಿರುವುದಿಲ್ಲ. ಮುಖ ಮೈಯ ಸಣ್ಣ ಭಾಗ. ಹಿತವಾಯಿತೆಂದು ಮತ್ತೆ ಬಿಸಿಲಿಗೆ ಇಳಿಯುವುದೇ ಇಲ್ಲಿರುವ ಅಪಾಯ.

ಬಿಸಿಲಲ್ಲಿದ್ದವರು ಅಸಂಬದ್ಧ ಮಾತಾಡತೊಡಗಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತ, ಒಳಗಿನ ಬಿಸಿ 40 ಡಿಗ್ರಿ ದಾಟಿದೆ ಎಂದೇ ತಿಳಿಯಿರಿ. ನಾಡಿ ಎಣಿಸುತ್ತಾ ಕೂರುವ ಸಮಯವಲ್ಲ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಇಡೀ ಮೈಗೆ ನೀರು ಸುರಿದು ಗಾಳಿ ಹಾಕಿ, ಐಸ್ ಇದ್ದರೆ ಬಟ್ಟೆ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. 108 ಬರುವ ತನಕ ನಿಲ್ಲಿಸಬೇಡಿ. ಎಚ್ಚರ ಇಲ್ಲದವರಿಗೆ ಮಜ್ಜಿಗೆ, ಓಆರ್‌ಎಸ್ ಯಾವುದನ್ನೂ ಕುಡಿಸಬೇಡಿ.

## ದಿಢೀರನೆ ಡವಡವ ಶುರುವಾದಾಗ

ಕೂತಲ್ಲೇ ಒಮ್ಮೆಲೇ ನಾಡಿ 150 ದಾಟಿ ಓಡತೊಡಗುವ ಒಂದು ಬಗೆಯ ಲಯದ ತೊಂದರೆ ಇದೆ. ಅದನ್ನು ನಿಲ್ಲಿಸಲು ಡಾಕ್ಟರುಗಳು ವೇಗಸ್ ನರವನ್ನು ಕೆರಳಿಸುವ ಉಪಾಯಗಳನ್ನು ಬಳಸುತ್ತಾರೆ. ಕೂಸುಗಳಿಗೆ ಐಸ್ ಪೊಟ್ಟಣವನ್ನು ಕೆಲವು ಸೆಕೆಂಡು ಮುಖಕ್ಕೆ ಇಡುವುದೂ ಅದರಲ್ಲೊಂದು. ಇಸಿಜಿ ನೋಡುತ್ತಾ ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದು. ಎಲ್ಲ ಬಗೆಯ ಓಟವೂ ಇದಕ್ಕೆ ನಿಲ್ಲುವುದಿಲ್ಲ. ಮೊದಲ ಸಲ ಹೀಗಾದವರು ಮನೆಯಲ್ಲಿ ಐಸ್ ಹುಡುಕುತ್ತಾ ಹೊತ್ತು ಕಳೆಯದೆ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಓಡುತ್ತಿರುವಾಗ ತೆಗೆದ ಇಸಿಜಿಗೆ ಬೆಲೆ ಹೆಚ್ಚು, ನಿಂತ ಮೇಲೆ ತೆಗೆದದ್ದರಲ್ಲಿ ಏನೂ ಸಿಗದೇ ಹೋಗಬಹುದು. ತಾಲ್ಲೂಕಿನಲ್ಲಿ ಆಗದಿದ್ದರೆ ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ. ಹೋಗುವಾಗ ನಿಮ್ಮ ನೋಟ್‌ಬುಕ್ಕು ಮತ್ತು ಗುಳಿಗೆಯ ಸ್ಟ್ರಿಪ್ಪು ಎರಡೂ ಜೇಬಿನಲ್ಲಿರಲಿ. ಓಟ ಎಷ್ಟು ಹೊತ್ತಿಗೆ ಶುರುವಾಯಿತು, ನಿಧಾನವಾಗಿ ಏರಿತೋ ಗಕ್ಕನೆ ಏರಿತೋ, ಆಗ 15 ಸೆಕೆಂಡಿಗೆ ಎಷ್ಟು ಬಡಿತ ಇತ್ತು, ತಾನಾಗಿ ನಿಂತಿತೋ ಇಲ್ಲವೋ: ಇಷ್ಟನ್ನು ದಾರಿಯಲ್ಲೇ ಬರೆದಿಟ್ಟುಕೊಳ್ಳಿ.